ಅಕ್ಷರ ಅರಿಯದ ಪೆಟ್ಟಿಗೆ: ಗಡಿಯೂರಿನ ಕನ್ನಡಕ್ಕೆ ಅಗ್ಗದ ಲೇಸರ್ ಪ್ರಿಂಟರ್ ಸಿಕ್ಕ ಕಥೆ



ಈ ಸಲದ ಇತಿಹಾಸದ ಬರಹಕ್ಕೆ ನಾವು ಆರಿಸಿಕೊಂಡಿರುವುದು ಸಭೆಯ ಆಫೀಸಿನ ಮೂಲೆಯಲ್ಲಿ ಧೂಳು ಬೀಳದಂತೆ ಬಟ್ಟೆ ಹೊದ್ದು ಕೂತಿರುವ ಪೆಟ್ಟಿಗೆಯನ್ನು. ಹೌದು, ಲೇಸರ್ ಪ್ರಿಂಟರನ್ನೇ. ಕ್ಯಾರಲ್ ಹಾಡಿನ ಹಾಳೆ, ವಿಬಿಎಸ್ ಪಾಠ, ಮದುವೆಯ ಪ್ರಕಟಣೆ, ಅಂತ್ಯಕ್ರಿಯೆಯ ಕ್ರಮ ಎಲ್ಲವೂ ಅದರ ಹೊಟ್ಟೆಯಿಂದಲೇ ಹೊರಬರುತ್ತವೆ. ಫೋನಿನಲ್ಲಿ ಕನ್ನಡ ಬೆರಳಚ್ಚು ಮಾಡಿ, ಪಿಡಿಎಫ್ ಮಾಡಿ ಕಳಿಸಿದರೆ ಎರಡು ನಿಮಿಷದ ಕೆಲಸ. ನಿಮಗೆ ಇದರಲ್ಲಿ ಇತಿಹಾಸ ಎಲ್ಲಿದೆ ಅನ್ನಿಸಬಹುದು. ಆದರೆ ನಿಮ್ಮ ಅಪ್ಪ, ಚಿಕ್ಕಪ್ಪಂದಿರು ಯುವಕರಾಗಿದ್ದಾಗ ಮನೂರಿನಂಥ ಊರಿನಲ್ಲಿ ಕೂತು ಒಂದು ಪುಟ ಕನ್ನಡ ಅಚ್ಚು ಹಾಕಿಸುವುದು ಸಣ್ಣ ಮಾತಾಗಿರಲಿಲ್ಲ. ಮೊದಲ ಕಾಲದ ಲೇಸರ್ ಪ್ರಿಂಟರುಗಳಲ್ಲಿ ಯಾವುದು ಅಗ್ಗ, ಯಾವುದು ದುಬಾರಿ ಎಂಬ ಲೆಕ್ಕವೂ ಇಂಗ್ಲಿಷಿನವರಿಗೆ ಒಂದು, ಕನ್ನಡದವರಿಗೆ ಇನ್ನೊಂದು ಆಗಿತ್ತು. ಆ ವ್ಯತ್ಯಾಸ ಹೇಗೆ ಬಂತು, ಹೇಗೆ ಹೋಯಿತು ಎಂಬುದೇ ಈ ಬರಹ.

ಮೊದಲು ನಮ್ಮ ನೆಲದ ಮಾತು. 1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆ ಆದಾಗ ಬೀದರ್, ಗುಲಬರ್ಗಾಗಳ ಬಹುಪಾಲು ಮೈಸೂರು ರಾಜ್ಯಕ್ಕೆ ಸೇರಿತು, ನಮ್ಮ ಭಾಗ ಆಂಧ್ರ ಪ್ರದೇಶಕ್ಕೆ ಬಂತು. 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳು ಆದವು. ಬೋರ್ಡುಗಳ ಬರಹ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಸಂತೆಯಲ್ಲಿ ತೆಲುಗು, ಉರ್ದು, ಮರಾಠಿ, ಕನ್ನಡ ನಾಲ್ಕೂ ಕೇಳಿಸುವ ಊರು ನಮ್ಮದು. ಕನ್ನಡ ಓದಲು ಕಲಿತ ಹಿರಿಯರು ಸಭೆಯಲ್ಲಿ ಬೈಬಲ್ ಹಿಡಿದುಕೊಳ್ಳುವುದೂ ಕನ್ನಡದ್ದನ್ನೇ.

ಈಗ ಅಚ್ಚಿನ ಕಷ್ಟ ನೋಡಿ. ಹಳೆಯ ಪ್ರೆಸ್ಸಿನಲ್ಲಿ ಅಕ್ಷರ ಎಂದರೆ ಸೀಸದ ಅಚ್ಚುಮೊಳೆ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಸೇರಿದರೂ ನೂರರ ಸುತ್ತ ಮೊಳೆ ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಸೇರಿ ಹಲವು ನೂರು ಬಗೆಯ ಮೊಳೆ ಬೇಕು, ಅವು ಯಾವ ಗೂಡಿನಲ್ಲಿವೆ ಎಂದು ಕೈಗೆ ಗೊತ್ತಿರುವ ಮೊಳೆ ಜೋಡಿಸುವವನೂ ಬೇಕು. ತೆಲುಗು ಕೆಲಸ ಮಾಡುವ ಪ್ರೆಸ್ಸಿನವನು ವರ್ಷಕ್ಕೆ ನಾಲ್ಕು ಕನ್ನಡ ಹಾಳೆಗಾಗಿ ಅಷ್ಟೊಂದು ಸೀಸ ಕೊಂಡು ಇಟ್ಟುಕೊಳ್ಳುತ್ತಾನೆಯೇ? ಹೀಗಾಗಿ ಹಾಳೆ ಬೀದರಿಗೆ ಹೋಗಬೇಕು, ಕರಡು ತಿದ್ದಲು ಮತ್ತೆ ಬಸ್ಸು ಹತ್ತಬೇಕು, ಅಚ್ಚಾದ ಕಟ್ಟು ತರಲು ಮತ್ತೊಮ್ಮೆ. ಕೊನೆಗೆ ಬೇಸತ್ತು ತೆಲುಗಿನಲ್ಲೇ ಅಚ್ಚು ಹಾಕಿಸಿದರೆ ಮಕ್ಕಳು ಓದುತ್ತಾರೆ, ಅಜ್ಜಿ ಸುಮ್ಮನೆ ಕೂತಿರುತ್ತಾರೆ. ಮೊಳೆ ಇಲ್ಲ ಎಂಬ ಒಂದೇ ಕಾರಣಕ್ಕೆ ಒಂದು ತಲೆಮಾರು ಹಾಡಿನಿಂದ ಹೊರಗೆ ಉಳಿಯುವುದೆಂದರೆ ಸಣ್ಣ ನಷ್ಟವಲ್ಲ ಎಂದೇ ನಮ್ಮ ಅಭಿಪ್ರಾಯ.

ಮೊಳೆಯ ತೊಂದರೆ ನಮಗೆ ಮಾತ್ರ ಬಂದದ್ದೂ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಾಗ ಅದನ್ನು ಮೊಳೆಯಲ್ಲಿ ಅಚ್ಚು ಹಾಕಿರಲಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದರು. ಕಲ್ಲಚ್ಚು ಎಂದರೆ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯುವುದು, ನಂತರ ಕಲ್ಲನ್ನು ಒದ್ದೆ ಮಾಡುವುದು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವಲ್ಲ, ಉರುಳೆಯಿಂದ ಹಚ್ಚಿದ ಮಸಿ ಬರಹಕ್ಕೆ ಮಾತ್ರ ಅಂಟುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಅಚ್ಚು. ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದಲ್ಲಿ ಕಂಡುಹಿಡಿದ ವಿದ್ಯೆ ಇದು. ತಾಂಡೂರಿನ ಅಂಗಳಗಳಿಗೆಲ್ಲ ಹಾಸಿರುವ ಬಂಡೆಯೂ ಸುಣ್ಣಕಲ್ಲೇ, ಆದರೆ ಅಚ್ಚಿಗೆ ಹೆಸರಾದದ್ದು ಬವೇರಿಯಾದ ಸೋಲ್ನ್‌ಹೋಫನ್ ಕಲ್ಲು. ಇಲ್ಲಿ ಒಂದು ವಿಷಯ ಗಮನಿಸಿ. ಕಲ್ಲಿಗೆ ಅಕ್ಷರ ಗೊತ್ತಿಲ್ಲ. ಕನ್ನಡ ಬರೆದರೆ ಕನ್ನಡ, ಉರ್ದು ಬರೆದರೆ ಉರ್ದು, ನವಿಲು ಬರೆದರೆ ನವಿಲು. ಮರುವರ್ಷ ಪತ್ರಿಕೆ ಮೊಳೆಯಚ್ಚಿನ ಸೌಲಭ್ಯವಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಕಿಟ್ಟೆಲ್ ಅವರ ದೊಡ್ಡ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬರುವ ಹೊತ್ತಿಗೆ ಕನ್ನಡದ ಮೊಳೆ ಚೆನ್ನಾಗಿ ಪಳಗಿತ್ತು. ಆದರೂ ಅಕ್ಷರ ಅರಿಯದ ಕಲ್ಲಿನ ಆ ಗುಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಣ್ಣ ಸಭೆಗಳಿಗೆ ಬಹುಕಾಲ ಆಸರೆಯಾಗಿದ್ದದ್ದು ಸೈಕ್ಲೋಸ್ಟೈಲ್. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಚೂಪು ಕಡ್ಡಿಯಿಂದ ಕೈಯಾರೆ ಬರೆಯುವುದು, ಇಲ್ಲವೇ ರಿಬ್ಬನ್ ತೆಗೆದ ಟೈಪ್‌ರೈಟರಿನಿಂದ ಕುಟ್ಟುವುದು, ಆಮೇಲೆ ಗೆಸ್ಟೆಟ್ನರ್ ಯಂತ್ರದ ಹಿಡಿ ತಿರುಗಿಸುವುದು. ಅಂಗೈಗೆಲ್ಲ ಮಸಿ. ಅದೂ ಅಕ್ಷರ ಅರಿಯದ ಯಂತ್ರವೇ, ಆದ್ದರಿಂದಲೇ ಅದು ಗಡಿಯ ಊರುಗಳಲ್ಲೂ ಕನ್ನಡ ಉಳಿಸಿತು. ಕೈಬರಹ ಚೆನ್ನಾಗಿರುವ ಒಬ್ಬರ ಮೇಲೆ ಇಡೀ ಸಭೆ ನೆಚ್ಚಿಕೊಂಡಿರುತ್ತಿತ್ತು, ಅವರು ಹೆಣ್ಣು ಕೊಟ್ಟ ಊರಿಗೆ ಹೋದ ವಾರ ಹಾಡಿನ ಹಾಳೆ ಇಲ್ಲ!

ಕಂಪ್ಯೂಟರ್ ಬಂದಾಗ ಅದರ ಜೊತೆ ಮೊದಲು ಬಂದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಬಸ್ ಡಿಪೋದಲ್ಲಿ, ಬ್ಯಾಂಕಿನಲ್ಲಿ ಕಿರ್ರ್ ಎಂದು ಕೂಗುತ್ತ ರಿಬ್ಬನ್ ಮೇಲೆ ಸೂಜಿ ಕುಟ್ಟುವ ಯಂತ್ರವನ್ನು ನೀವೂ ನೋಡಿರುತ್ತೀರಿ. ಒಂಬತ್ತು ಸೂಜಿಯ ಯಂತ್ರದಲ್ಲಿ ಸೂಜಿಗಳ ನಡುವಿನ ಅಂತರ ಇಂಚಿನ 72ನೇ ಒಂದು ಭಾಗ. ಪುಸ್ತಕದಲ್ಲಿ ಇರುವಷ್ಟು, ಅಂದರೆ 10 ಪಾಯಿಂಟ್ ಗಾತ್ರದ ಅಕ್ಷರಕ್ಕೆ ಒಂದು ಸಲ ಓಡಿದರೆ ಮೇಲಿನಿಂದ ಕೆಳಗೆ ಸಿಗುವುದು ಸುಮಾರು 10 ಚುಕ್ಕಿ. ಇಂಗ್ಲಿಷಿನ 'ಎ' ಅಕ್ಷರಕ್ಕೆ ಅಷ್ಟು ಸಾಕು. 'ಸ್ತೋತ್ರ' ಎಂಬ ಪದ ತೆಗೆದುಕೊಳ್ಳಿ. ಮೇಲೆ ಓತ್ವದ ಸುರುಳಿ, ನಡುವೆ ಸಕಾರ, ಕೆಳಗೆ ತಕಾರದ ಒತ್ತು, ಪಕ್ಕದಲ್ಲಿ ಮತ್ತೊಂದು ಒತ್ತು. ಹತ್ತು ಚುಕ್ಕಿಯಲ್ಲಿ ಇಷ್ಟನ್ನು ಕೂರಿಸಿದರೆ ಹುರಿಗಡಲೆ ಚೆಲ್ಲಿದ ಹಾಗೆ ಕಾಣುತ್ತದೆ. ಕನ್ನಡ, ತೆಲುಗು ಎರಡನ್ನೂ ಓದುವ ನಮಗೆ ಇನ್ನೊಂದು ಗೊಂದಲ. ಎರಡು ಲಿಪಿಗಳ ಅನೇಕ ಅಕ್ಷರಗಳನ್ನು ಬೇರೆ ಮಾಡುವುದು ತಲೆಕಟ್ಟಿನ ಆಕಾರವೇ, ಅದೇ ಮಸುಕಾದರೆ ಯಾವ ಭಾಷೆ ಎಂದು ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. 24 ಸೂಜಿಯ ಯಂತ್ರ ಬಂದು ಚುಕ್ಕಿ 25ಕ್ಕೆ ಏರಿದ ಮೇಲೆ ಓದಲು ಅಡ್ಡಿಯಿಲ್ಲ ಎನ್ನುವ ಮಟ್ಟಕ್ಕೆ ಬಂತು. ಕಣ್ಣು ಮಂದವಾದ ಹಿರಿಯರಿಗೆ ಅದೂ ಸಾಲದು.

ಲೇಸರ್ ಪ್ರಿಂಟರಿನ ಬೇರು ಜೆರಾಕ್ಸ್ ಯಂತ್ರದಲ್ಲಿದೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್ಸನ್ ವಿದ್ಯುತ್ ಕಣ ಮತ್ತು ಒಣ ಪುಡಿಯಿಂದ ಮೊದಲ ಪ್ರತಿ ತೆಗೆದರು. ಬೆಳಕು ಬಿದ್ದಲ್ಲಿ ವಿದ್ಯುತ್ತು ಸೋರಿಹೋಗುವ ಮೈ, ಅದರ ಮೇಲೆ ಅಂಟುವ ಕರಿ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಹಿಡಿಯುವ ಪುಡಿ. ಇಷ್ಟೇ ತತ್ವ. 1969ರಲ್ಲಿ ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ಮೂಲ ಹಾಳೆಯ ಬದಲು ಲೇಸರ್ ಕಿರಣದಿಂದ ನೇರವಾಗಿ ಆ ಉರುಳೆಯ ಮೇಲೆ ಬರೆದರೆ ಹೇಗೆ ಎಂದು ಕೆಲಸ ಶುರು ಮಾಡಿದರು. ಆ ದಾರಿಯಲ್ಲಿ 1977ರಲ್ಲಿ ಬಂದ ಜೆರಾಕ್ಸ್ 9700 ಸೆಕೆಂಡಿಗೆ ಎರಡು ಪುಟ ಹೊರಹಾಕುತ್ತಿತ್ತು, ಆದರೆ ಅದು ದೊಡ್ಡ ಕಂಪನಿಗಳ ಕೋಣೆ ತುಂಬುವ ಯಂತ್ರ.

ಮೇಜಿನ ಮೇಲೆ ಕೂರುವ ಯಂತ್ರ ಸಾಧ್ಯವಾದದ್ದು ಜಪಾನಿನ ಕ್ಯಾನನ್ ಕಂಪನಿಯಿಂದ. ಅವರ ಸಿಎಕ್ಸ್ ಎಂಜಿನಿನಲ್ಲಿ ಉರುಳೆ, ಪುಡಿ ಎಲ್ಲವೂ ಒಂದೇ ಕಾರ್ಟ್ರಿಜ್‌ನಲ್ಲಿ ಇದ್ದವು. ಖಾಲಿಯಾದರೆ ಎಳೆದು ತೆಗೆದು ಹೊಸದು ತುರುಕಿದರೆ ಮುಗಿಯಿತು, ಮೆಕ್ಯಾನಿಕ್ ಬೇಡ. ಅದೇ ಎಂಜಿನ್ ಇಟ್ಟುಕೊಂಡು ಎಚ್‌ಪಿ 1984ರ ಮೇ ತಿಂಗಳಲ್ಲಿ ಲೇಸರ್‌ಜೆಟ್ ತಂದಿತು. ಬೆಲೆ 3,495 ಡಾಲರ್, ನಿಮಿಷಕ್ಕೆ 8 ಪುಟ, ಇಂಚಿಗೆ 300 ಚುಕ್ಕಿ. ಅಂದಿನ ಡಾಲರ್ ದರದಲ್ಲೇ ಸುಮಾರು 40 ಸಾವಿರ ರೂಪಾಯಿ, ಅದರ ಮೇಲೆ ನಮ್ಮ ದೇಶದ ಆಮದು ಸುಂಕ. 1985ರಲ್ಲಿ ಬಂದ ಆಪಲ್ ಲೇಸರ್‌ರೈಟರ್ ಅದರ ಎರಡರಷ್ಟು, 6,995 ಡಾಲರ್. 1984ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊಸ ಕಂಪ್ಯೂಟರ್ ನೀತಿ ಪ್ರಕಟಿಸಿ ಸುಂಕ ಇಳಿಸಿದ್ದು ನಿಜ, ಆದರೆ ಅದರಿಂದ ಲೇಸರ್ ಪ್ರಿಂಟರ್ ಹಳ್ಳಿಯ ಸಭೆಯ ಕೈಗೆಟುಕಲಿಲ್ಲ.

ಇನ್ನು ನಾವು ಹೇಳಹೊರಟ ಮುಖ್ಯ ಸಂಗತಿ. ಅಮೆರಿಕದವನು 1980ರ ದಶಕದಲ್ಲಿ ಅಗ್ಗದ ಲೇಸರ್ ಪ್ರಿಂಟರ್ ಹುಡುಕುವಾಗ ಬೆಲೆಪಟ್ಟಿ ನೋಡಿದರೆ ಸಾಕಿತ್ತು. ಕನ್ನಡದವನು ಬೆಲೆಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದ ಮೆಮೊರಿಯನ್ನು ನೋಡಬೇಕಿತ್ತು. ಕಾರಣ ಹೀಗಿದೆ.

ಮೊದಲ ಲೇಸರ್‌ಜೆಟ್‌ಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು. ಕೊರಿಯರ್ ಎಂಬ ಅಕ್ಷರದ ಅಚ್ಚು ಅದರ ಒಳಗೇ ಇತ್ತು, ಬೇರೆ ಅಚ್ಚು ಬೇಕಾದರೆ ಮುಂಭಾಗದ ಸೀಳಿನಲ್ಲಿ ಫಾಂಟ್ ಕಾರ್ಟ್ರಿಜ್ ಸಿಕ್ಕಿಸಬಹುದಿತ್ತು. ಕಂಪ್ಯೂಟರ್ 'ಎ' ಎಂದು ಒಂದೇ ಒಂದು ಸಂಕೇತ ಕಳಿಸಿದರೆ ಸಾಕು, ಅದರ ಚಿತ್ರವನ್ನು ಪ್ರಿಂಟರೇ ಬರೆದುಕೊಳ್ಳುತ್ತಿತ್ತು. ಪುಟವೊಂದಕ್ಕೆ ಎರಡು ಮೂರು ಸಾವಿರ ಸಂಕೇತ, ಅಷ್ಟೇ. ಆದ್ದರಿಂದ ಅದರೊಳಗಿದ್ದ 128 ಕಿಲೋಬೈಟ್ ಮೆಮೊರಿ ಇಂಗ್ಲಿಷ್ ಪತ್ರಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು.

ಕನ್ನಡ ಅದಕ್ಕೆ ಗೊತ್ತಿರಲಿಲ್ಲ. ಹಾಗಾಗಿ ಇಡೀ ಪುಟವನ್ನು ಒಂದು ಚಿತ್ರವಾಗಿ, ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಎ4 ಹಾಳೆಯಲ್ಲಿ ಇಂಚಿಗೆ 300ರಂತೆ ಅಡ್ಡ 2,480, ಉದ್ದ 3,508, ಒಟ್ಟು ಸುಮಾರು 87 ಲಕ್ಷ ಚುಕ್ಕಿ. ಎಂಟು ಚುಕ್ಕಿಗೆ ಒಂದು ಬೈಟ್ ಎಂದು ಹಿಡಿದರೆ ಒಂದು ಮೆಗಾಬೈಟ್‌ಗಿಂತ ಸ್ವಲ್ಪ ಹೆಚ್ಚು. ಆ ಯಂತ್ರದಲ್ಲಿ ಬಳಸಲು ಸಿಗುತ್ತಿದ್ದದ್ದು 59 ಕಿಲೋಬೈಟ್. ಇಂಚಿಗೆ 300 ಚುಕ್ಕಿಯ ಚಿತ್ರವನ್ನು ಅಷ್ಟರಲ್ಲಿ ಹಿಡಿಸಿದರೆ ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟು ಜಾಗ ತುಂಬುತ್ತದೆ! ಪೂರ್ತಿ ಪುಟ ಬೇಕೆಂದರೆ ಇಂಚಿಗೆ 75 ಚುಕ್ಕಿಗೆ ಇಳಿಯಬೇಕು, ಅಂದರೆ ಮತ್ತೆ ಡಾಟ್ ಮ್ಯಾಟ್ರಿಕ್ಸಿನ ಹುರಿಗಡಲೆ.

ಸ್ವಲ್ಪ ಸ್ವಲ್ಪವಾಗಿ ಕಳಿಸಬಾರದೇ ಎಂದು ನೀವು ಕೇಳಬಹುದು. ಡಾಟ್ ಮ್ಯಾಟ್ರಿಕ್ಸ್ ಒಂದು ಸಾಲು ಕುಟ್ಟಿ ಮುಂದಿನ ಸಾಲಿಗೆ ಕಾಯುತ್ತದೆ, ಅದಕ್ಕೆ ಅವಸರವಿಲ್ಲ. ಲೇಸರಿನ ಉರುಳೆ ಒಮ್ಮೆ ತಿರುಗಲು ಶುರುವಾದರೆ ಪುಟ ಮುಗಿಯುವ ತನಕ ನಿಲ್ಲುವಂತಿಲ್ಲ. ಮಾಹಿತಿ ತಡವಾದರೆ ಅಲ್ಲಿ ಬಿಳಿ. ಆದ್ದರಿಂದ ಇಡೀ ಪುಟ ಮೊದಲೇ ಸಿದ್ಧವಾಗಿ ಕೂತಿರಬೇಕು. ಮೆಮೊರಿ ಸಾಲದಿದ್ದರೆ ಲೇಸರ್‌ಜೆಟ್ 2ರ ಸಣ್ಣ ಕಿಟಕಿಯಲ್ಲಿ '20 ಎರರ್' ಎಂದು ಬರುತ್ತಿತ್ತು, ಹಿಡಿದಷ್ಟು ಭಾಗ ಒಂದು ಹಾಳೆಯಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಕೀರ್ತನೆಯ ಪಲ್ಲವಿ ಒಂದು ಕಡೆ, ಚರಣ ಇನ್ನೊಂದು ಕಡೆ.

1987ರ ಲೇಸರ್‌ಜೆಟ್ 2ರಲ್ಲಿ 512 ಕಿಲೋಬೈಟ್ ಇತ್ತು, ಅರ್ಧ ಪುಟದ ಚಿತ್ರಕ್ಕೆ ಮಾತ್ರ ಸಾಲುವಷ್ಟು. 1989ರಲ್ಲಿ ಬಂದ 2ಪಿ ಎಂಬ ಮಾದರಿ ಆ ಕಾಲದ 'ಅಗ್ಗದ ಲೇಸರ್'. ಬೆಲೆ 1,495 ಡಾಲರ್, ಆಗಿನ ದರದಲ್ಲಿ ಸುಮಾರು 24 ಸಾವಿರ ರೂಪಾಯಿ, ವೇಗ ನಿಮಿಷಕ್ಕೆ 4 ಪುಟ. ಆದರೆ ಅದರಲ್ಲೂ ಅದೇ 512. ಇಂಗ್ಲಿಷಿನವನು ಹಣ ಕೊಟ್ಟು ಮನೆಗೆ ಒಯ್ಯಬಹುದು. ಪೂರ್ತಿ ಪುಟ ಕನ್ನಡ ಬೇಕಾದವನು ಮೇಲಿನಿಂದ ಮೆಮೊರಿ ಬೋರ್ಡ್ ಕೊಳ್ಳಬೇಕು. ನಮ್ಮ ಲಿಪಿಗೆ ಬಿದ್ದ ಸುಂಕ ಎಂದೇ ಇದನ್ನು ಕರೆಯಬಹುದು. 1990ರ ಲೇಸರ್‌ಜೆಟ್ 3 ಒಂದು ಮೆಗಾಬೈಟ್ ಜೊತೆಗೇ ಬಂತು, ಅಷ್ಟರಲ್ಲಿ 1991ರ ಜುಲೈಯಲ್ಲಿ ರೂಪಾಯಿಯ ಅಪಮೌಲ್ಯವಾಗಿ ಡಾಲರಿನ ಸರಕೆಲ್ಲ ಮತ್ತೆ ಮೇಲೇರಿತು.

ಇದರಲ್ಲಿ ಇನ್ನೊಂದು ಬಲೆ ಇತ್ತು. ನಮ್ಮ ಕಡೆಯವರು ಇಂಥ ಯಂತ್ರ ನೋಡಲು ಹೋಗುತ್ತಿದ್ದದ್ದು ಸಿಕಂದರಾಬಾದಿಗೆ. ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರ್ ಇಂದಿಗೂ ಕಂಪ್ಯೂಟರ್ ಅಂಗಡಿಗಳ ಸಂತೆ. ಅಂಗಡಿಯವನು ಗುಂಡಿ ಒತ್ತಿ ಟೆಸ್ಟ್ ಪೇಜ್ ತೆಗೆದು ತೋರಿಸುತ್ತಾನೆ, ಅಕ್ಷರ ಮುತ್ತಿನಂತೆ ಬರುತ್ತದೆ. ಬರದೇ ಏನು? ಅದು ಪ್ರಿಂಟರ್ ತನ್ನೊಳಗಿನ ಇಂಗ್ಲಿಷ್ ಅಚ್ಚಿನಿಂದ ತಾನೇ ಬರೆದುಕೊಂಡ ಹಾಳೆ. ಕನ್ನಡದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒತ್ತಕ್ಷರ ತುಂಬಿದ ಒಂದು ಪೂರ್ತಿ ಪುಟವನ್ನು ಫ್ಲಾಪಿಯಲ್ಲಿ ಒಯ್ದು, ಅಂಗಡಿಯಲ್ಲೇ ಅಚ್ಚು ಹಾಕಿಸಿ ನೋಡುವುದೇ ಸರಿಯಾದ ಪರೀಕ್ಷೆ.

ಅಷ್ಟು ಸುಲಭವೂ ಆಗಿರಲಿಲ್ಲ ಅನ್ನಿ. ಕನ್ನಡ ತಂತ್ರಾಂಶವೂ ಹಣ ಕೊಟ್ಟು ಕೊಳ್ಳಬೇಕಾದ ಸರಕು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಭಾರತೀಯ ಭಾಷೆಗಳಿಗಾಗಿ ಜಿಸ್ಟ್ ಕಾರ್ಡ್ ತಂದಿತು, ಕಂಪ್ಯೂಟರಿನ ಒಳಗೆ ಕೂರಿಸುವ ಒಂದು ಬೋರ್ಡು ಅದು. ಅದರ ಬೇರು ಕಾನ್ಪುರದ ಐಐಟಿಯಲ್ಲಿತ್ತು. ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ ಡಿಟಿಪಿ ಅಂಗಡಿಗಳಲ್ಲಿ ಮನೆಮಾತಾದವು. ಇಂಥ ತಂತ್ರಾಂಶಗಳ ಜೊತೆ ಬೆರಳಿನಷ್ಟು ದೊಡ್ಡ ಒಂದು 'ಲಾಕ್' ಬರುತ್ತಿತ್ತು. ಕಂಪ್ಯೂಟರಿನ ಪ್ರಿಂಟರ್ ಕಿಂಡಿಗೆ ಅದನ್ನು ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರಿನ ಕೇಬಲ್ ಸಿಕ್ಕಿಸಬೇಕು. ಲಾಕ್ ಕಳೆದರೆ ಕನ್ನಡವೂ ಕಳೆಯಿತು. ಇದರ ಮಧ್ಯೆ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರನ್ನು ನೆನೆಯಲೇಬೇಕು. ಅವರು 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ಕನ್ನಡವನ್ನು ಉಚ್ಚಾರದಂತೆ ಕುಟ್ಟುವ ಅವರ ಕೀಲಿಮಣೆ ವಿನ್ಯಾಸವೇ ಮುಂದೆ ಕರ್ನಾಟಕ ಸರಕಾರದ ಮಾನ್ಯತೆ ಪಡೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಲಾಕ್ ಇಲ್ಲ, ಬೆಲೆ ಇಲ್ಲ. ಗಡಿಯ ಸಭೆಯ ಖರ್ಚಿನ ಪಟ್ಟಿಯಿಂದ ಒಂದು ದೊಡ್ಡ ಸಾಲು ಹೀಗೆ ಅಳಿಸಿಹೋಯಿತು.

ಕೊಳ್ಳುವ ಬೆಲೆ ಒಂದು, ನಡೆಸುವ ಬೆಲೆ ಇನ್ನೊಂದು. ಸಣ್ಣ ಪ್ರಿಂಟರಿನ ಕಾರ್ಟ್ರಿಜ್ 2,000 ಪುಟ ಬರುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದರೆ, ಅದು ಪುಟದ ಶೇಕಡಾ 5ರಷ್ಟು ಜಾಗ ಮಾತ್ರ ಕಪ್ಪಾದರೆ ಎಂಬ ಲೆಕ್ಕ. ಕಾಗದ ಉಳಿಸಲು ನಾವು ಇಕ್ಕಟ್ಟಾಗಿ ಹಾಡು ತುಂಬುವ ಹಾಳೆ ಅದನ್ನು ಮೀರುತ್ತದೆ. 150 ಮನೆಗೆ ವಾರಕ್ಕೊಂದು ಹಾಳೆ, ಎರಡೂ ಬದಿ, ಎಂದರೆ 300 ಪುಟ. ಏಳನೆಯ ವಾರಕ್ಕೇ ಪುಡಿ ಮುಗಿಯಿತು! ಹೀಗಾಗಿ ಬುದ್ಧಿವಂತರು ಲೇಸರಿನಲ್ಲಿ ಒಂದೇ ಒಂದು ಪ್ರತಿ ತೆಗೆಯುತ್ತಿದ್ದರು. ಉಳಿದದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸುವುದು, ಸಾವಿರ ಪ್ರತಿ ಬೇಕಾದರೆ ಟ್ರೇಸಿಂಗ್ ಪೇಪರಿನ ಮೇಲೆ ಲೇಸರ್ ಅಚ್ಚು ತೆಗೆದು ಆಫ್‌ಸೆಟ್ ಪ್ರೆಸ್ಸಿಗೆ ಕೊಡುವುದು. ಇಲ್ಲೇ ನಮ್ಮ ಊರಿನ ಲೆಕ್ಕ ತಿರುಗಿದ್ದು. ಆಫ್‌ಸೆಟ್ ಪ್ಲೇಟಿಗೂ ಅಕ್ಷರ ಗೊತ್ತಿಲ್ಲ. ಕನ್ನಡದ ಮೊಳೆ ಇಲ್ಲದ ತೆಲುಗು ಪ್ರೆಸ್ಸಿನವನು, ಕನ್ನಡ ಓದಲು ಬಾರದಿದ್ದರೂ, ಆ ಟ್ರೇಸಿಂಗ್ ಹಾಳೆ ಇಟ್ಟುಕೊಂಡು ಕನ್ನಡವನ್ನು ಚೊಕ್ಕವಾಗಿ ಅಚ್ಚು ಹಾಕಬಲ್ಲ. ಬೀದರಿಗೆ ಹೋಗುವ ಬಸ್ಸು ತಪ್ಪಿತು.

ಕರೆಂಟಿನ ಮಾತನ್ನೂ ಹೇಳಿಬಿಡುತ್ತೇವೆ. ಪುಡಿ ಕರಗಿಸುವ ಉರುಳೆ ಸುಮಾರು 200 ಡಿಗ್ರಿ ಬಿಸಿಯಾಗಬೇಕು, ಆ ಗಳಿಗೆಯಲ್ಲಿ ಅದು ಇಸ್ತ್ರಿಪೆಟ್ಟಿಗೆಯ ಹಾಗೆ ವಿದ್ಯುತ್ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಅದನ್ನೂ ಸಿಕ್ಕಿಸಿದರೆ ಯುಪಿಎಸ್ ಕೀ ಎಂದು ಕೂಗಿ ಎರಡನ್ನೂ ಮಲಗಿಸುತ್ತದೆ. ಕರೆಂಟ್ ಹೋಗಿಬರುವ ಊರಿನಲ್ಲಿ ಶನಿವಾರ ರಾತ್ರಿಯ ಪಾಡು ನೀವೇ ಊಹಿಸಿ. ಹಳೆಯ ಲೇಸರ್‌ಜೆಟ್‌ಗಳಲ್ಲಿ ಕಾಣುತ್ತಿದ್ದ 'ಪಿಸಿ ಲೋಡ್ ಲೆಟರ್' ಎಂಬ ಸಂದೇಶವೂ ಅನೇಕರ ತಲೆ ತಿಂದಿದೆ. 'ಲೆಟರ್' ಅಂದರೆ ಪತ್ರವಲ್ಲ, ಅಮೆರಿಕದ ಕಾಗದದ ಅಳತೆ. 'ಪಿಸಿ' ಅಂದರೆ ಕಂಪ್ಯೂಟರಲ್ಲ, ಕಾಗದದ ತಟ್ಟೆ. ತಂತ್ರಾಂಶದಲ್ಲಿ ಎ4 ಎಂದು ಬದಲಿಸದಿದ್ದರೆ, ನಮ್ಮಲ್ಲಿ ಸಿಗದ ಆ ಕಾಗದಕ್ಕಾಗಿ ಯಂತ್ರ ಕಾಯುತ್ತಲೇ ಕೂರುತ್ತಿತ್ತು.

ನಿಜವಾದ ಅಗ್ಗದ ಲೇಸರ್ ನಮ್ಮ ಕಡೆಗೆ ಬಂದದ್ದು 2000ದ ದಶಕದಲ್ಲಿ. ಎಚ್‌ಪಿ 1020, ಕ್ಯಾನನ್ ಎಲ್‌ಬಿಪಿ 2900. ನಿಮ್ಮಲ್ಲಿ ಹಲವರ ಮನೆಯ ಹತ್ತಿರದ ಮೀ ಸೇವಾ ಕೇಂದ್ರದಲ್ಲಿ ಇವುಗಳಲ್ಲಿ ಒಂದನ್ನು ನೋಡಿರುತ್ತೀರಿ. ಎರಡರ ಎಂಜಿನ್ ಮೂಲವೂ ಕ್ಯಾನನ್ನೇ, ಅದಕ್ಕೇ ಒಂದರ 12ಎ ಕಾರ್ಟ್ರಿಜ್, ಇನ್ನೊಂದರ 303 ಕಾರ್ಟ್ರಿಜ್ ಅವಳಿಗಳಂತಿವೆ. ಬೆಲೆ ಹತ್ತು ಸಾವಿರ ರೂಪಾಯಿಯೊಳಗೆ ಇಳಿಯಿತು. ಇಂಚಿಗೆ 600 ಚುಕ್ಕಿ ಎಂದರೆ ಒಂದು ಪುಟಕ್ಕೆ ನಾಲ್ಕು ಮೆಗಾಬೈಟಿಗೂ ಹೆಚ್ಚು ಬೇಕು, ಆದರೆ ಇವುಗಳ ಮೆಮೊರಿ ಬರೀ ಎರಡು ಮೆಗಾಬೈಟ್. ಅದು ಹೇಗೆ ಸಾಧ್ಯ?

ಪ್ರಿಂಟರಿನಿಂದ ತಲೆಯನ್ನೇ ತೆಗೆದುಹಾಕಿದರು, ಅಷ್ಟೇ. ಒಳಗೆ ಕೊರಿಯರ್ ಇಲ್ಲ, ಫಾಂಟ್ ಕಾರ್ಟ್ರಿಜ್ ಇಲ್ಲ. ಅಷ್ಟು ಹೊತ್ತಿಗೆ ಕಂಪ್ಯೂಟರ್ ಸಾಕಷ್ಟು ಚುರುಕಾಗಿತ್ತು. ಪುಟವನ್ನು ಚುಕ್ಕಿಗಳಾಗಿ ಒಡೆಯುವ ಕೆಲಸವೆಲ್ಲ ಅದೇ ಮಾಡಿ, ಚುಕ್ಕಿಗಳನ್ನು ಒತ್ತಿ ಚಿಕ್ಕದಾಗಿಸಿ ವೇಗದ ಯುಎಸ್‌ಬಿ ದಾರಿಯಲ್ಲಿ ಕಳಿಸುತ್ತದೆ. ಪ್ರಿಂಟರಿಗೆ ಬರುವುದು ಎಲ್ಲಿ ಕಪ್ಪು, ಎಲ್ಲಿ ಬಿಳಿ ಎಂಬ ಆಜ್ಞೆ ಮಾತ್ರ. ಕನ್ನಡ ಅದಕ್ಕೆ ಗೊತ್ತಿಲ್ಲ, ಈಗ ಇಂಗ್ಲಿಷೂ ಗೊತ್ತಿಲ್ಲ. ಮೋಗ್ಲಿಂಗರ ಕಲ್ಲಿನ ಹಾಗೆ. ಇಂಗ್ಲಿಷ್ ಕಲಿತ ಯಂತ್ರ ಇರುವ ತನಕ ಕನ್ನಡದವರು ಹೆಚ್ಚು ಹಣ ತೆರಬೇಕಾಯಿತು, ಯಾವ ಭಾಷೆಯನ್ನೂ ಅರಿಯದ ಯಂತ್ರ ಬಂದಾಗ ಆ ಹೆಚ್ಚುವರಿ ಬೆಲೆ ಇಲ್ಲವಾಯಿತು. ಕಂಪನಿಗಳು ಇದನ್ನು ಮಾಡಿದ್ದು ಖರ್ಚು ಉಳಿಸಲು, ಕನ್ನಡದ ಮೇಲಿನ ಪ್ರೀತಿಯಿಂದಲ್ಲ. ಲಾಭ ಮಾತ್ರ ನಮಗೆ ಬಂತು.

ಇದಕ್ಕೂ ಒಂದು ಬೆಲೆ ಇದೆ. ತಲೆಯಿಲ್ಲದ ಯಂತ್ರ ಕಂಪ್ಯೂಟರಿನಲ್ಲಿರುವ ಡ್ರೈವರ್ ಇಲ್ಲದೆ ಒಂದು ಗೆರೆಯನ್ನೂ ಎಳೆಯಲಾರದು. ಕಂಪ್ಯೂಟರ್ ಬದಲಾದಾಗ ಹಳೆಯ ಪ್ರಿಂಟರಿಗೆ ಹೊಸ ಡ್ರೈವರ್ ಸಿಗದಿದ್ದರೆ, ಚೆನ್ನಾಗಿರುವ ಯಂತ್ರ ಗುಜರಿಗೆ ಹೋಗುತ್ತದೆ. ಇಂದು ಸಭೆಗೆ ಪ್ರಿಂಟರ್ ಕೊಳ್ಳುವ ಜವಾಬ್ದಾರಿ ನಿಮ್ಮ ಮೇಲೆ ಬಿದ್ದರೆ ಮೊದಲು ಕೇಳಬೇಕಾದದ್ದು ಇದನ್ನೇ.

ಕಂಪ್ಯೂಟರಿನ ಕಡೆಯಲ್ಲೂ ಒಂದು ಗಂಟು ಉಳಿದಿತ್ತು. ಶ್ರೀಲಿಪಿ, ಆಕೃತಿ, ಹಳೆಯ ಬರಹ, ನುಡಿ ಇವೆಲ್ಲ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ 256 ಮನೆಗಳಲ್ಲೇ ಬಾಡಿಗೆಗೆ ಇರಿಸುತ್ತಿದ್ದವು. ಶ್ರೀಲಿಪಿಯ ಮನೆ ಸಂಖ್ಯೆ ಒಂದು, ಆಕೃತಿಯದು ಇನ್ನೊಂದು. 1991ರ ಯೂನಿಕೋಡ್ ಕನ್ನಡಕ್ಕೆ ಅದರದೇ ಓಣಿ ಕೊಟ್ಟಿತು. ಆ ಓಣಿ ಇರುವುದು ತೆಲುಗಿನ ಓಣಿಯ ಪಕ್ಕದಲ್ಲೇ, ಗೋಡೆಗೆ ಗೋಡೆ ತಾಗಿಕೊಂಡು, ನಮ್ಮ ಊರುಗಳ ಹಾಗೆ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಕನ್ನಡ ಫಾಂಟ್ ಬಂದ ಮೇಲೆ ಅದು ನಿಧಾನವಾಗಿ ಮನೆಮನೆಗೆ ತಲುಪಿತು.

ಆದರೆ ಅದಕ್ಕೂ ಹಿಂದಿನ ಹತ್ತು ಹದಿನೈದು ವರ್ಷದ ಸಭೆಯ ಫೈಲುಗಳು ಫ್ಲಾಪಿಯಲ್ಲಿ, ಸಿಡಿಯಲ್ಲಿ ಹಾಗೇ ಬಿದ್ದಿವೆ. ಈಗ ತೆರೆದರೆ ರೋಮನ್ ಅಕ್ಷರ, ಡಾಲರ್ ಗುರುತು, ಅರ್ಧಚಂದ್ರಗಳ ಗೋಜಲು ಕಾಣುತ್ತದೆ. ಕೆಲವು ಫಾಂಟುಗಳಿಗೆ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಯಾವ ಫಾಂಟಿನಲ್ಲಿ ಕುಟ್ಟಿದ್ದೆಂದು ಗೊತ್ತಿದ್ದರೆ ಕೆಲಸ ಸುಲಭ. ಅದು ಗೊತ್ತಾಗುವುದು ಅಚ್ಚಾದ ಹಾಳೆ ಕೈಯಲ್ಲಿದ್ದರೆ. ನಿಮ್ಮ ಮನೆಯ ಬೈಬಲ್ಲಿನ ನಡುವೆ, ಕೀರ್ತನೆ ಪುಸ್ತಕದ ರಟ್ಟಿನೊಳಗೆ ಹಳೆಯ ಹಾಡಿನ ಹಾಳೆಗಳಿದ್ದರೆ, ಸ್ಟೆನ್ಸಿಲ್ಲಿನದಾಗಲಿ, ಡಾಟ್ ಮ್ಯಾಟ್ರಿಕ್ಸಿನದಾಗಲಿ, ಲೇಸರಿನದಾಗಲಿ, ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ತನ್ನಿ. ಫೋಟೋ ತೆಗೆದುಕೊಂಡು ಅಲ್ಲೇ ಹಿಂದಿರುಗಿಸುತ್ತೇವೆ.